ಯಾವಾಗಿನ ಹಾಗೇ

ಅಪ್ಪ ಆ ಕಸದ ಡಬ್ಬಿಯೊಳಗೆ ನೋಡಿದನೋ ಇಲ್ಲವೋ ಎಂಬುದೊಂದು ಗೊತ್ತಾಗಿಬಿಟ್ಟಿದ್ದರೆ ಒರಾಲಿಯಾಳ ಮನಸ್ಸು ಈ ಬೆಳಗ್ಗೆ ಕೆಲಸದ ಮೇಲಿರುತ್ತಿತ್ತು. ಬೇಕರಿಯ ಗಾಜಿನ ಕಪಾಟಿನ ಒಂದೇ ಮೂಲೆಯನ್ನು ಮೂರನೆಯ ಸಲ ಒರೆಸುತ್ತಿದ್ದೇನೆಂದು ಅವಳಿಗೆ ತಿಳಿದಿತ್ತು. ಆದರೂ ಬಟ್ಟೆ ಅಲ್ಲೇ ಸುತ್ತುತ್ತಿತ್ತು. ಹೊರಗೆ ಬೀದಿಗೆ ಇನ್ನೂ ಪೂರ್ತಿ ಬೆಳಕು ಬಿದ್ದಿರಲಿಲ್ಲ. ಎದುರುಮನೆಯ ಸೂರಿಗೆ ತೂಗುಹಾಕಿದ ಕೆಂಪುಮೆಣಸಿನಕಾಯಿಯ ಗೊಂಚಲು ಈ ಅರೆಬೆಳಕಿನಲ್ಲಿ ಕಪ್ಪಾಗಿ, ಯಾರೋ ಮರೆತುಹೋದ ಕೋಟಿನ ಹಾಗೆ ಕಾಣುತ್ತಿತ್ತು. ಒಳಗೆ ಭಟ್ಟಿಯ ಹತ್ತಿರ ಅಪ್ಪ ಹಿಟ್ಟು ಬಡಿಯುವ ಸದ್ದು: ಧಪ್, ಧಪ್, ನಡುವೆ ಒಂದು ಬಿಡುವು, ಮತ್ತೆ ಧಪ್. ಆ ಬಿಡುವು ಮೊದಲು ಇರುತ್ತಿರಲಿಲ್ಲ. ಶನಿವಾರದಿಂದ ಇದೆ. ಅಥವಾ ಮೊದಲಿನಿಂದಲೂ ಇದ್ದದ್ದನ್ನು ಅವಳ ಕಿವಿ ಶನಿವಾರದಿಂದ ಎಣಿಸತೊಡಗಿದೆಯೋ ಏನೋ. ಶನಿವಾರ ಇಗರ್ಜಿಯ ಹಿಂದಿನ ಸಭಾಂಗಣದಲ್ಲಿ, ಸಾವಿನ ಪ್ರಾರ್ಥನೆಗೆ ಸೇರಿದವರ ನಡುವೆ, ಅಪ್ಪ ಕಾಫಿ ಕುಡಿದ ಕಾಗದದ ಲೋಟವನ್ನು ಎಸೆಯಲು ಹೋಗಿ, ಕಸದ ಡಬ್ಬಿಯ ಮುಚ್ಚಳವನ್ನು ಕಾಲಿನಿಂದ ಒತ್ತಿ ಹಿಡಿದು, ಒಂದು ಲೋಟ ಎಸೆಯಲು ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು ನಿಂತಿದ್ದ. ಅವನ ಬೆನ್ನು ಮಾತ್ರ ಅವಳಿಗೆ ಕಂಡಿತ್ತು. ಬೆನ್ನಿನಿಂದ ಏನು ತಿಳಿಯುತ್ತದೆ?

ಆ ಡಬ್ಬಿಯೊಳಗೆ ಏನಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಮಡಚಿದ ಕಾಗದದ ಕರವಸ್ತ್ರಗಳು, ಕೆಲವು ಬಿಚ್ಚಿಕೊಂಡಿದ್ದವು, ಅವುಗಳೊಳಗೆ ಅಪ್ಪ ಕೈಯಿಂದಲೇ ಹೂವಿನಾಕಾರಕ್ಕೆ ಕತ್ತರಿಸಿದ ಸೋಂಪಿನ ಬಿಸ್ಕತ್ತುಗಳು, ಬಿಸ್ಕೊಚೀತೊಗಳು, ಒಂದೊಂದರ ಒಂದೊಂದು ಎಸಳನ್ನು ಮಾತ್ರ ಯಾರೋ ಕಚ್ಚಿದ್ದರು. ಹಾಗೆ ಒಂದು ಎಸಳು ಕಚ್ಚಿ ಕರವಸ್ತ್ರದಲ್ಲಿ ಸುತ್ತಿ ಎಸೆದವರಲ್ಲಿ ಅವಳೂ ಒಬ್ಬಳು.

"ಏ ಹುಡುಗಿ, ಗಾಜು ಸವೆದು ತೂತಾಗುತ್ತೆ," ಎಂದಳು ಕ್ಲಿಯೋಫಾ ಅತ್ತೆ. ಅಪ್ಪನ ಅಕ್ಕ, ಎಪ್ಪತ್ತೆರಡಾದರೂ ಕರ್ಜಿಕಾಯಿಯಂಥ ಎಂಪನಾಡಾಗಳ ಅಂಚು ಮಡಚುವುದರಲ್ಲಿ ಅವಳ ಬೆರಳಿಗೆ ಸಾಟಿಯಿಲ್ಲ. "ಹೋಗಿ ಬಾಗಿಲು ತೆಗಿ. ಫಿಲಿಮೊನ್ ಆಗಲೇ ಬಂದು ನಿಂತಿದಾನೆ ನೋಡು, ನಮ್ಮನೆ ಜೀತದವನ ಹಾಗೆ."

ಫಿಲಿಮೊನ್ ರೈಲು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವನು. ಕಾರ್ಖಾನೆ ಮುಚ್ಚಿದ ಮೇಲೂ ಆ ಹೊತ್ತಿಗೇ ಏಳುವ ಅಭ್ಯಾಸ ಬಿಟ್ಟಿರಲಿಲ್ಲ. ಒಳಗೆ ಬಂದವನೇ ಟೋಪಿ ತೆಗೆದು, ಮೆಣಸಿನಕಾಯಿ ಬ್ರೆಡ್ಡಿನ ಕಡೆ ಬೆರಳು ತೋರಿಸಿದ. ಸುಟ್ಟು ಸಿಪ್ಪೆ ಸುಲಿದ ಹಸಿಮೆಣಸಿನಕಾಯಿಯನ್ನು ಹಿಟ್ಟಿನೊಳಗೇ ಮಡಚಿ ಬೇಯಿಸುವ ಬ್ರೆಡ್ಡು ಅದು; ಮೊದಲಿಗೆ ಶನಿವಾರಕ್ಕೆ ಮಾತ್ರ ಮಾಡುತ್ತಿದ್ದದ್ದು ಈ ವರ್ಷ ದಿನವೂ ಆಗುತ್ತಿತ್ತು.

"ನಿನ್ನೆದು ತಿಂದು ನನ್ನ ಹೆಂಡತಿ ಬಿಕ್ಕಳಿಸಿ ಬಿಕ್ಕಳಿಸಿ ಇಡೀ ಜಪಮಾಲೆ ಮುಗಿಸಿದಳು," ಎಂದು ಅವನು ಒಳಗಿನವರಿಗೆ ಕೇಳುವಂತೆ ಕೂಗಿದ. "ಸೆವೆರೊ! ಕೇಳಿಸ್ತೇನಯ್ಯಾ? ನಮ್ಮಪ್ಪನ ಕಾಲದ ಖಾರ ಇದು! ಈಗಿನ ಅಂಗಡಿಯೋರು ಹಾಕೋದೆಲ್ಲ ಖಾರಾನಾ, ದೊಣ್ಣೆಮೆಣಸು!"

"ಕಣ್ಣಲ್ಲಿ ನೀರು ಬಂತಾ?" ಎಂದಿತು ಒಳಗಿನಿಂದ ಅಪ್ಪನ ದನಿ.

"ಬಂತು ಮಾರಾಯಾ, ಮೂಗಲ್ಲೂ ಬಂತು."

"ಹಾಗಿದ್ರೆ ಸರಿ."

ಅತ್ತೆ ನಕ್ಕಳು. ಕಳೆದ ತಿಂಗಳು ಬಂದಿದ್ದ ಹೊರಗಿನ ಜೋಡಿಯ ಕತೆಯನ್ನು ಮತ್ತೆ ತೆಗೆದಳು. ಆ ಹೆಂಗಸು ಒಂದು ತುತ್ತು ತಿಂದು, ಇದು ತುಂಬ ಖಾರ, ಹಣ ವಾಪಸ್ ಕೊಡಿ ಅಂದಳಂತೆ. "ಖಾರ ಅಂತೆ! ಖಾರ! ನಾನಂದೆ, ತಾಯೀ, ಪಕ್ಕದ ಬೀದೀಲಿ ಹಾಲು ಸಿಗುತ್ತೆ, ಹೋಗಿ ಕುಡಿ." ಫಿಲಿಮೊನ್ ಕಪಾಟಿನ ಮೇಲೆ ಕೈ ಬಡಿದು ನಕ್ಕ. ಒರಾಲಿಯಾಳೂ ನಕ್ಕಳು, ನಗಬೇಕಾದಷ್ಟು. ಮೆಣಸಿನಕಾಯಿ ಖಾರವಾಯಿತು ಎಂದು ಬಾಯಿಬಿಟ್ಟು ಹೇಳುವುದು ಈ ಬೀದಿಯಲ್ಲಿ ಹೊರಗಿನವರು ಮಾಡುವ ಕೆಲಸ. ಹಾಗಾಗಿಯೇ ಫೆಬ್ರವರಿಯಿಂದ ಬ್ರೆಡ್ಡಿನ ಖಾರ ವಾರದಿಂದ ವಾರಕ್ಕೆ ಏರುತ್ತ ಹೋದರೂ ಒಬ್ಬರೂ ಯಾಕೆಂದು ಕೇಳಲಿಲ್ಲ. ಬದಲಿಗೆ ಸೆವೆರೊನ ಕೈ ಈ ವರ್ಷ ಕುದುರಿದೆ ಎಂದರು. ಅಪ್ಪನಿಗೆ ಈಗ ಬಾಯಲ್ಲಿ ತಿಳಿಯುವುದು ಆ ಉರಿಯೊಂದೇ ಎಂದು ಅವಳಿಗೆ ಗೊತ್ತಿತ್ತು. ಮಧ್ಯಾಹ್ನ ಅವನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಸುಟ್ಟ ಮೆಣಸಿನಕಾಯಿಯ ಬೀಜಗಳನ್ನು ಬೆರಳ ತುದಿಗೆ ಅಂಟಿಸಿಕೊಂಡು ನಾಲಿಗೆಗೆ ಒತ್ತಿಕೊಳ್ಳುವುದನ್ನು ಅವಳು ಬಾಗಿಲ ಸಂದಿಯಿಂದ ನೋಡಿದ್ದಳು. ಕಣ್ಣು ಮುಚ್ಚಿಕೊಂಡಿದ್ದ. ಬಾಗಿಲು ಬಡಿದು ಒಳಗೆ ಯಾರಾದರೂ ಇದ್ದಾರಾ ಎಂದು ಕೇಳುವವನ ಹಾಗಿದ್ದ.

ಜನವರಿಯ ಜ್ವರ ಅಪ್ಪ ಅಮ್ಮ ಇಬ್ಬರನ್ನೂ ಒಟ್ಟಿಗೇ ಹಿಡಿದಿತ್ತು. ಅಮ್ಮ ಆಸ್ಪತ್ರೆಯಿಂದ ಬರಲಿಲ್ಲ, ಅಪ್ಪ ಬಂದ. ಬಂದವನು ಮೂರನೆಯ ದಿನ ಭಟ್ಟಿ ಹಚ್ಚಿದ. ಆಮೇಲೆ ಫೆಬ್ರವರಿಯ ಒಂದು ಬೆಳಗ್ಗೆ ಎಂಪನಾಡಾಗಳ ಒಂದಿಡೀ ಟ್ರೇ ಅವನ ಬೆನ್ನ ಹಿಂದೆಯೇ ಇದ್ದಿಲಾಗುತ್ತಿದ್ದಾಗ, ಅವನು ಮೇಜಿನ ಮುಂದೆ ನಿಂತು ಹಿಟ್ಟಿಗೆ ಸಕ್ಕರೆ ಉದುರಿಸುತ್ತ ಯಾವುದೋ ಹಳೆಯ ಪದ ಗುನುಗುತ್ತಿದ್ದ. ಸುಟ್ಟ ವಾಸನೆ ಬೀದಿಯ ತನಕ ಹೋಗಿತ್ತು. ಅವಳು ಓಡಿ ಬಂದು ಟ್ರೇ ಎಳೆದಳು. ಅಪ್ಪ ತಿರುಗಿ ಹೊಗೆಯನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಅವಳು, "ಭಟ್ಟಿ ಥರ್ಮಾಮೀಟರ್ ಕೆಟ್ಟಿರಬೇಕು ಅಪ್ಪಾ," ಎಂದಳು. ಅವನು, "ಇರಬೇಕು," ಎಂದ. ಅಷ್ಟೇ. ಅವನ ಮೂಗು ಕೆಟ್ಟದ್ದನ್ನು ಬಾಯಿಬಿಟ್ಟು ಆಡದಿರುವ ಇಡೀ ಒಪ್ಪಂದ ಆ ಎರಡು ಮಾತುಗಳಲ್ಲಿ ಮುಗಿದುಹೋಗಿತ್ತು. ಅವಳು ಆಗ ಬೇರೆ ಏನಾದರೂ ಹೇಳಿದ್ದರೆ? ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಓದಿ ಬಂದ ಮಗಳು, ಒಂದು ವಾಕ್ಯವನ್ನು ಅದಕ್ಕೆ ಬೇಕಾದ ಹೊತ್ತಿಗೆ ಸರಿಯಾಗಿ ಹೇಳಲು ಕಲಿಯಲಿಲ್ಲ.

ಈ ಬೇಕರಿಯಲ್ಲಿ ಯಾವುದಕ್ಕೂ ಅಳತೆಯಿಲ್ಲ. ಅಜ್ಜಿಯ ಕಾಲದಿಂದ ಬಂದ ಕ್ರಮ: ಸೋಂಪನ್ನು ಎರಡು ಅಂಗೈಗಳ ನಡುವೆ ಉಜ್ಜಿ, ಅಂಗೈಯನ್ನು ಮೂಗಿಗೆ ಹಿಡಿದು, ಸಾಕು ಅನ್ನಿಸುವ ತನಕ ಹಿಟ್ಟಿಗೆ ಹಾಕುವುದು, ಕೊಬ್ಬನ್ನು ಬೆರಳಲ್ಲಿ ಕರಗಿಸಿ ಮೂಸುವುದು, ಹಿಟ್ಟನ್ನು ಹಸಿಯಾಗಿಯೇ ನಾಲಿಗೆಗಿಟ್ಟು ನೋಡುವುದು. ಬರೆದಿಟ್ಟದ್ದು ಏನೂ ಇಲ್ಲ. ಬರೆದಿಡೋಣ ಅಪ್ಪಾ, ತೂಗಿ ಹಾಕೋಣ ಎಂದರೆ, ಯಾಕೆ ಎಂಬ ಪ್ರಶ್ನೆ ಬರುತ್ತದೆ. ಆ ಯಾಕೆಗೆ ಉತ್ತರ ಕೊಡುವುದಕ್ಕಿಂತ ಅವನ ಬೆನ್ನ ಹಿಂದೆ ನಿಂತು ತಿದ್ದುವುದು ಅವಳಿಗೆ ಸುಲಭವಾಗಿ ಕಂಡಿತು. ಏಪ್ರನ್ನಿನ ಜೇಬಿನಲ್ಲಿ ಸೋಂಪಿನ ಪೊಟ್ಟಣ. ಅವನು ಭಟ್ಟಿಯ ಕಡೆ ತಿರುಗಿದಾಗ ಒಂದು ಚಿಟಿಕೆ. ಹೆಚ್ಚಾಗಿದ್ದರೆ, ಅವನು ಹಿತ್ತಲಿಗೆ ಹೋದಾಗ ಇನ್ನಷ್ಟು ಮೈದಾ, ಇನ್ನಷ್ಟು ಸಕ್ಕರೆ. ಅವನು ಅಂಗೈಗಳನ್ನು ಉಜ್ಜಿ ಈಗಲೂ ಮೂಗಿಗೆ ಹಿಡಿಯುತ್ತಿದ್ದ. ಹಿಡಿದು, ತಲೆ ಆಡಿಸಿ, ಸಾಕು ಎನ್ನುತ್ತಿದ್ದ. ಯಾರಿಗಾಗಿ? ಅಂಗಡಿಯಲ್ಲಿ ಆ ಹೊತ್ತಿಗೆ ಇರುತ್ತಿದ್ದವಳು ಅವಳೊಬ್ಬಳೇ. ಅವನು ಅವಳಿಗಾಗಿ ಮೂಸುತ್ತಿದ್ದ, ಅವಳು ಅವನಿಗಾಗಿ ನಂಬುತ್ತಿದ್ದಳು.

ಆಮೇಲೆ ಮೊದಲ ಟ್ರೇ ಹೊರಗೆ ಬಂದಾಗ ಅವನು ಒಂದನ್ನು ಮುರಿದು, ತಮ್ಮ ಮಾತಿನಲ್ಲಿ ಮಗಳೇ ಎಂದು ಕರೆದು ಕೊಡುತ್ತಿದ್ದ. "ಹೇಗಿದೆ, ಮಿಹಾ?"

ಈ ಪ್ರಶ್ನೆಯನ್ನು ಮೊದಲು ಅವನು ಅಮ್ಮನಿಗೆ ಕೇಳುತ್ತಿದ್ದ. ಅಮ್ಮ ಬೆರ್ನಾರ್ದಿತಾ ಮೃದುವಾದ ಹೆಂಗಸಲ್ಲ. ಕಚ್ಚಿ, ಅಗಿದು, ಸೊಂಟದ ಮೇಲೆ ಕೈಯಿಟ್ಟು, "ಸೋಂಪು ಸತ್ತಿದೆ," ಎನ್ನುತ್ತಿದ್ದಳು. ಅಥವಾ, "ಇದನ್ನ ಛಾವಣಿಗೆ ಹೊದಿಸು, ಮಳೆ ಸೋರೋದು ನಿಲ್ಲುತ್ತೆ." ಒಂದು ಸಲ ಪಾದ್ರಿಗಳ ಎದುರಿಗೇ, "ಫಾದರ್, ಇದನ್ನ ತಿಂದ್ರೆ ಉಪವಾಸ ಮುರಿದ ಹಾಗಾಗಲ್ಲ, ಇದು ಊಟಾನೇ ಅಲ್ಲ," ಎಂದಿದ್ದಳು. ಅಪ್ಪ ಆಗ ಕೆಂಪಗಾಗಿ, ಬೈದುಕೊಂಡು, ಇಡೀ ಟ್ರೇ ಹಂದಿಗಳ ಬಕೆಟ್ಟಿಗೆ ಸುರಿದು ಮತ್ತೆ ಹಿಟ್ಟು ಕಲಸುತ್ತಿದ್ದ. ಎರಡನೆಯ ಟ್ರೇಗೆ ಅಮ್ಮ ಏನೂ ಹೇಳದೆ ಇನ್ನೊಂದು ಕೈಗೆತ್ತಿಕೊಂಡರೆ, ಆ ದಿನವಿಡೀ ಅವನು ಗುನುಗುತ್ತಿರುತ್ತಿದ್ದ. ಒರಾಲಿಯಾ ಚಿಕ್ಕವಳಿದ್ದಾಗ ಅಮ್ಮನ ನಾಲಿಗೆಯನ್ನು ದ್ವೇಷಿಸುತ್ತಿದ್ದಳು. ನಾನು ಯಾರಿಗೂ ಹೀಗೆ ಮಾಡಲಾರೆ ಎಂದುಕೊಂಡಿದ್ದಳು. ಹಾಗೆಯೇ ಮಾಡಲಿಲ್ಲ. ಫೆಬ್ರವರಿಯಿಂದ ನವೆಂಬರಿನ ತನಕ ಅಪ್ಪ ಕೇಳಿದ ಪ್ರತಿಸಲವೂ ಅವಳು ಒಂದೇ ಉತ್ತರ ಕೊಟ್ಟಿದ್ದಳು. ಯಾವಾಗಿನ ಹಾಗೇ ಅಪ್ಪಾ.

ಫಿಲಿಮೊನ್ ಹೋದ. ಶಾಲೆಯ ಅಡುಗೆಯವಳು ಬಂದು ಎರಡು ಡಜನ್ ಬನ್ನು ಒಯ್ದಳು. ಅತ್ತೆ ಕುಂಬಳಕಾಯಿಯ ಹೂರಣವನ್ನು ಚಮಚದಿಂದ ಹಿಟ್ಟಿನ ವೃತ್ತಗಳ ಮೇಲೆ ಇಡುತ್ತ, ತಲೆಯೆತ್ತದೆ, ದನಿ ತಗ್ಗಿಸಿ ಹೇಳಿದಳು:

"ಆ ಕೊಬ್ಬಿನ ಡಬ್ಬಿ ಮುಚ್ಚಳ ತೆಗೆದಾಗ ನೀನು ಅಲ್ಲೇ ಇದ್ದೆ."

"ಯಾವ ಡಬ್ಬಿ ಅತ್ತೆ?"

"ಯಾವ ಡಬ್ಬಿ ಅಂತೆ. ನಾನು ಆವತ್ತು ಕಣ್ಣಿನ ಡಾಕ್ಟರ್ ಹತ್ರ ಹೋಗದೆ ಇಲ್ಲಿದ್ದಿದ್ರೆ ಬೀದಿಗೆ ಎಸೀತಿದ್ದೆ. ನಿಂಗೆ ಮೂಗಿರಲಿಲ್ವಾ?"

ಒರಾಲಿಯಾಗೆ ಮೂಗಿತ್ತು. ಹಿಂದಿನ ಚಳಿಗಾಲದಲ್ಲಿ ಹಂದಿ ಕಡಿದಾಗ ಕಾಯಿಸಿ ಇಳಿಸಿದ ಕೊಬ್ಬಿನ ಒಂದು ಡಬ್ಬಿ ಮೈದಾ ಚೀಲಗಳ ಹಿಂದೆ ಸೇರಿಕೊಂಡು ಇಡೀ ಬೇಸಗೆ ಅಲ್ಲೇ ಬೆಂದಿತ್ತು. ಕಳೆದ ಶುಕ್ರವಾರ ಬೆಳಗ್ಗೆ ಅಪ್ಪ ಅದನ್ನು ಹೊರಗೆಳೆದು ಮುಚ್ಚಳ ತೆಗೆದಾಗ, ಹಳೆಯ ಬಣ್ಣದ ಡಬ್ಬಿಯ, ಒದ್ದೆ ರಟ್ಟಿನ ವಾಸನೆ ಬಾಗಿಲ ತನಕ ಬಂದು ಅವಳ ಗಂಟಲಲ್ಲಿ ಕೂತಿತು. ಅಪ್ಪ ಕೈಯದ್ದಿ ಒಂದು ಹಿಡಿ ತೆಗೆದ. ಅವನು ಅಳುತ್ತಿದ್ದ. ಹಿಂದಿನ ಸಂಜೆ ಓನೆಸಿಮೊ ತೀರಿಕೊಂಡಿದ್ದ. ಓನೆಸಿಮೊ ಅಪ್ಪನ ಜೊತೆ ಇಗರ್ಜಿಯಲ್ಲಿ ದೀಪ ಹಿಡಿದು ಬೆಳೆದವನು, ಒರಾಲಿಯಾಳನ್ನು ಜ್ಞಾನಸ್ನಾನದ ದಿನ ಎತ್ತಿ ಹಿಡಿದ ಧರ್ಮತಂದೆ, ಆ ನಂಟಿನಿಂದ ಅಪ್ಪನಿಗೆ ಕೊಂಪಾದ್ರೆ. ಇಗರ್ಜಿಗೆ ಸೇರಿದ ಯಾವ ಮನೆಯಲ್ಲಿ ಸಾವಾದರೂ ಕೇಳುವ ಮೊದಲೇ ಈ ಅಂಗಡಿಯಿಂದ ಒಂದು ಪೆಟ್ಟಿಗೆ ಬಿಸ್ಕೊಚೀತೊ ಹೋಗಬೇಕು. ಸಾವಿನ ಮನೆಯದಕ್ಕೆ ಮೇಲೆ ದಾಲ್ಚಿನ್ನಿ ಸಕ್ಕರೆ ಹೊರಳಿಸುವಂತಿಲ್ಲ, ಬರಿದಾಗಿಯೇ ಇರಬೇಕು. ಅದು ಅಜ್ಜಿಯ ಕಟ್ಟಳೆ. ದಾಲ್ಚಿನ್ನಿಯಾದರೂ ಇದ್ದಿದ್ದರೆ ಒಂದಿಷ್ಟು ಮುಚ್ಚಿಕೊಳ್ಳುತ್ತಿತ್ತು. "ಗೊತ್ತಾ ಮಿಹಾ," ಎನ್ನುತ್ತಿದ್ದ ಅಪ್ಪ, ಕೊಬ್ಬನ್ನು ಸಕ್ಕರೆಯೊಂದಿಗೆ ತಿಕ್ಕುತ್ತ, "ಕೊಂಪಾದ್ರೆಗೆ ನನ್ನ ಬಿಸ್ಕೊಚೀತೊ ಅಂದ್ರೆ ಪ್ರಾಣ. ಮದುವೇಲಿ ತಿಂದ, ನಿನ್ನ ಹೆಸರಿಡೋ ದಿನ ತಿಂದ. ಇದೇ ಕೊನೇದು, ಇದನ್ನ ಅವನು ತಿನ್ನಲ್ಲ." ಕಣ್ಣೀರು ಅವನ ಗಡ್ಡದಿಂದ ಹಿಟ್ಟಿನೊಳಗೆ ಬೀಳುತ್ತಿತ್ತು. ಅವಳು ಬಾಯಿ ತೆರೆದಳು. ಅಪ್ಪಾ, ಅದು ಕಮಟಾಗಿದೆ. ಇಷ್ಟೇ ಮಾತು. ಅಳುತ್ತಿರುವವನ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ಹೇಗೆ ಎಂದು ಅವಳು ಯೋಚಿಸುತ್ತಲೇ ಇದ್ದಳು. ಯೋಚಿಸುತ್ತಿರುವಾಗಲೇ ಅವನು ಹೂವುಗಳನ್ನು ಕತ್ತರಿಸಿ ಮುಗಿಸಿದ. "ಹೇಗಿದೆ?" ಎಂದ. ಅವಳು ಆ ದಿನವೂ ಅದೇ ಉತ್ತರ ಕೊಟ್ಟಳು.

ಸಭಾಂಗಣದಲ್ಲಿ ಜನ ಕಚ್ಚಿದರು. ಕಚ್ಚಿದ ಕ್ಷಣ ಎಲ್ಲರ ಮುಖವೂ ಒಂದು ಸಲ ನಿಂತು, ಆಮೇಲೆ ಮತ್ತೆ ಚಲಿಸುತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಅದೇ. ಆ ಮುಖಗಳಿಗೆ ಆಶ್ಚರ್ಯವಾಗಿರಲಿಲ್ಲ, ಅಭ್ಯಾಸವಾಗಿತ್ತು. ಎಷ್ಟು ಚಂದವಾಗಿ, ಎಷ್ಟು ಸದ್ದಿಲ್ಲದೆ ಅವರು ಕರವಸ್ತ್ರ ಮಡಚಿದರು! ಬಾಗಿಲ ಬಳಿ ನಿಂತಿದ್ದ ಅಪ್ಪನ ಕೈಯನ್ನು ಒಬ್ಬೊಬ್ಬರೇ ಎರಡೂ ಕೈಗಳಲ್ಲಿ ಹಿಡಿದು, "ಯಾವಾಗಿನ ಹಾಗೇ, ಸೆವೆರೊ. ದೇವರು ನಿನಗೆ ಒಳ್ಳೇದು ಮಾಡ್ಲಿ," ಎಂದರು. ತಾನೊಬ್ಬಳೇ ಕಾಯುತ್ತಿದ್ದೇನೆ ಎಂದುಕೊಂಡಿದ್ದ ಗುಟ್ಟನ್ನು ಇಡೀ ಬೀದಿ ತಿಂಗಳುಗಟ್ಟಲೆಯಿಂದ ನುಂಗುತ್ತ ಬಂದಿತ್ತು. ಅವಳ ಚಿಟಿಕೆಗಳು ತಲುಪದ ದಿನಗಳು ಎಷ್ಟಿದ್ದವೋ.

"ನಾನು ಹೇಳೋಣ ಅಂತಿದ್ದೆ," ಎಂದಳು ಒರಾಲಿಯಾ.

"ಅಂತಿದ್ದೆ," ಎಂದಳು ಅತ್ತೆ. ಎಂಪನಾಡಾದ ಅಂಚನ್ನು ಒಂದೇ ಸಮನೆ ಮಡಚುತ್ತ ಹೋದಳು.

"ನೀವ್ಯಾಕೆ ಹೇಳಲಿಲ್ಲ ಅತ್ತೆ? ನಿಮಗೂ ಗೊತ್ತಿತ್ತಲ್ಲ."

ಅತ್ತೆಯ ಬೆರಳು ನಿಂತಿತು. "ನಾನು ಅಕ್ಕ. ನಾನು ಏನಂದ್ರೂ ಅವನು ಹುಟ್ಟಿದಾಗಿನಿಂದ ಜಗಳ ಅಂತಾನೇ ತಿಳೀತಾನೆ. ಅವನು ಕೇಳೋದು ನಿನ್ನನ್ನ. ದಿನಾ ಬೆಳಗ್ಗೆ ನಿನ್ನನ್ನ ಕೇಳ್ತಾನೆ. ನನ್ನ ಕೇಳಲ್ಲ."

ಆಗ ಒಳಗಿನಿಂದ ಅಪ್ಪ ಕರೆದ.

ಬಿಸ್ಕೊಚೀತೊಗಳ ಮೊದಲ ಟ್ರೇ ಮೇಜಿನ ಮೇಲಿತ್ತು. ಅಂಚುಗಳು ಹೊಂಬಣ್ಣಕ್ಕೆ ತಿರುಗುವ ಹೊತ್ತಿಗೆ ಸರಿಯಾಗಿ ತೆಗೆದಿದ್ದ. ಕಣ್ಣಿನ ಕೆಲಸವೆಲ್ಲ ಇನ್ನೂ ಅವನದೇ. ಇವತ್ತು ಅವಳು ಹಿಟ್ಟಿನ ಹತ್ತಿರ ಸುಳಿದಿರಲಿಲ್ಲ. ಐದು ಗಂಟೆಗೆ ಬಂದಾಗಲೇ ಅವನು ಕಲಸಿ ಮುಗಿಸಿ, ಮೇಲೆ ಬಟ್ಟೆ ಮುಚ್ಚಿ, "ಅದನ್ನ ಮುಟ್ಟಬೇಡ, ತಣ್ಣಗಾಗ್ಲಿ," ಎಂದಿದ್ದ. ಮೊದಲೆಂದೂ ಹಾಗೆ ಅಂದಿರಲಿಲ್ಲ. ಈಗ ಅವನು ಒಂದನ್ನು ಎತ್ತಿ ಮುರಿದು ಅರ್ಧ ಕೊಟ್ಟ. ಉಳಿದರ್ಧ ಅವನ ಕೈಯಲ್ಲೇ ಉಳಿಯಿತು. ಅವನು ಅವಳ ಮುಖ ನೋಡುತ್ತಿದ್ದ. ಅಮ್ಮ ತಿನ್ನುವಾಗ ಅವನು ಯಾವಾಗಲೂ ಅವಳ ಬಾಯನ್ನು ನೋಡುತ್ತಿದ್ದ, ಅಗಿಯುವ ದವಡೆಯನ್ನು. ಈಗ ಕಣ್ಣನ್ನು ನೋಡುತ್ತಿದ್ದ.

ಅವಳು ಬಾಯಿಗೆ ಹಾಕಿಕೊಂಡಳು.

ಉಪ್ಪು. ಸಕ್ಕರೆ ಇರಬೇಕಾದ ಜಾಗದಲ್ಲೆಲ್ಲ ಉಪ್ಪು, ಬರೀ ಉಪ್ಪು. ಕೊಬ್ಬು ಕರಗಿದ ಹಾಗೆ ಅದು ನಾಲಿಗೆಯ ಎರಡು ಅಂಚಿಗೂ ಹರಿಯಿತು. ಸಮುದ್ರ ನೋಡದ ಅವಳಿಗೆ ಸಮುದ್ರದ ನೀರು ಕುಡಿದವರ ಕತೆ ನೆನಪಾಯಿತು. ಕಣ್ಣಲ್ಲಿ ನೀರು ತುಂಬುತ್ತಿತ್ತು. ತುಂಬಬಾರದು. ಉಪ್ಪು, ಸಕ್ಕರೆಯ ಎರಡು ಡಬ್ಬಿಗಳೂ ಒಂದೇ ಥರದವು, ಒಂದೇ ಅರೆಯ ಮೇಲಿನವು; ಬೆಳಗಿನ ಮಬ್ಬಿನಲ್ಲಿ ಅವನು ತಪ್ಪು ಡಬ್ಬಿಗೆ ಕೈ ಹಾಕಿದ್ದಾನೆ, ನಾಲಿಗೆಗಿಟ್ಟು ನೋಡಿದ್ದಾನೆ, ಏನೂ ತಿಳಿದಿಲ್ಲ. ಇಷ್ಟು ದಿನ ಸೋಂಪು, ಕೊಬ್ಬು. ಈಗ ಇದೂ ಹೋಯಿತು. ಇದನ್ನು ಹೇಳಿದರೆ ಇವನಿಗೆ ಉಳಿಯುವುದೇನು? ಅಮ್ಮನ ಖಾಲಿ ಮಂಚವಿರುವ ಕೋಣೆ, ಹಿಂಬಾಗಿಲ ಮೆಟ್ಟಿಲು, ಮೆಣಸಿನ ಬೀಜ. ಹೇಳಬೇಕು. ಈಗ ಹೇಳಬೇಕು. ಶುಕ್ರವಾರ ಹೇಳಬೇಕಿತ್ತು, ಅದಕ್ಕೇ ಈಗಲಾದರೂ. ಅಗಿಯುವಾಗ ಮುಖ ಅಲುಗಬಾರದು. ಅವಳು ಅಗಿದಳು. ಮುಖ ಅಲುಗಲಿಲ್ಲ, ಒಂಬತ್ತು ತಿಂಗಳ ಅಭ್ಯಾಸ. ನುಂಗಿದಳು. ಅದು ಎದೆಯ ನಡುವೆ ಕಲ್ಲಿನಂತೆ ಇಳಿಯಿತು. ಟ್ರೇಯನ್ನು ಹೇಗಾದರೂ ಹಿಂದಕ್ಕೆ ಸಾಗಿಸಿದರೆ ಸಾಕು, ಕೈ ಜಾರಿ ಬಿತ್ತು ಎಂದರೆ ಸಾಕು, ಹನ್ನೊಂದರೊಳಗೆ ತಾನೇ ಇನ್ನೊಂದು ಕಲಸಬಹುದು.

"ಹೇಗಿದೆ, ಮಿಹಾ?"

"ಯಾವಾಗಿನ ಹಾಗೇ ಅಪ್ಪಾ."

ಅವನು ತಲೆ ಆಡಿಸಿದ. ಒಂದು ಸಲ, ಇನ್ನೊಂದು ಸಲ. ಕೈಯಲ್ಲಿದ್ದ ಅರ್ಧವನ್ನು ಟ್ರೇಯ ಮೂಲೆಯಲ್ಲಿ ನಿಧಾನವಾಗಿ ಇಟ್ಟ. ಅವನ ಮುಖದಲ್ಲಿ ಏನೋ ಮುಚ್ಚಿಕೊಂಡದ್ದನ್ನು ಅವಳು ಕಂಡಳು, ಸಮಾಧಾನ ಎಂದುಕೊಂಡಳು. ಹಾಗೆ ಅಂದುಕೊಳ್ಳುವುದು ಅವಳಿಗೆ ಬೇಕಾಗಿತ್ತು.

"ಕೊಡಿ ಅಪ್ಪಾ, ನಾನು ಜೋಡಿಸ್ತೀನಿ."

"ಬೇಡ. ನಾನೇ ಇಡ್ತೀನಿ ಇವತ್ತು."

ಅವನು ಟ್ರೇ ಎತ್ತಿಕೊಂಡು ಅಂಗಡಿಯ ಮುಂಭಾಗಕ್ಕೆ ಬಂದ. ಅಮ್ಮ ಹೋದ ಮೇಲೆ ಅವನು ಕಪಾಟಿನ ಈ ಕಡೆಗೆ ಬಂದದ್ದೇ ಇಲ್ಲ. ಹೂವುಗಳನ್ನು ಒಂದೊಂದಾಗಿ ಗಾಜಿನೊಳಗೆ, ಕಣ್ಣಿಗೆ ಬೀಳುವ ಮೇಲಿನ ಅರೆಯಲ್ಲಿ ಜೋಡಿಸಿದ. ಜೋಡಿಸಿ ಒಳಗೆ ಹೋಗುತ್ತಾನೆಂದು ಅವಳು ಕಾದಳು. ಅವನು ಹೋಗಲಿಲ್ಲ. ಮೂಲೆಯ ಸ್ಟೂಲನ್ನು ಎಳೆದುಕೊಂಡು, ಹಿಟ್ಟಿನ ಕೈಗಳನ್ನು ಮಂಡಿಯ ಮೇಲಿಟ್ಟು ಕೂತ, ಬಸ್ಸಿಗೆ ಕಾಯುವವನ ಹಾಗೆ. ಅತ್ತೆ ತಮ್ಮನನ್ನು ನೋಡಿದಳು, ಕಪಾಟನ್ನು ನೋಡಿದಳು, ಆಮೇಲೆ ಒರಾಲಿಯಾಳ ತುಟಿಯನ್ನು ನೋಡಿದಳು. ತುಟಿ ಬಿರಿದು ಬೆಳ್ಳಗಾಗಿದೆಯೆಂದು ಒರಾಲಿಯಾಗೆ ಗೊತ್ತಿತ್ತು. ಅತ್ತೆ ಏನನ್ನೂ ಕೇಳದೆ ನೀರಿನ ಲೋಟ ತಂದು ಅವಳ ಮುಂದಿಟ್ಟಳು. ಅಪ್ಪ ಅದನ್ನೂ ನೋಡಿದ. ಅವಳು ಕುಡಿಯಲಿಲ್ಲ.

ಅಂಚೆಯವಳು ಬಂದಳು. "ಅಯ್ಯೋ, ಬಿಸ್ಕೊಚೀತೊ! ಆರು ಕೊಡಮ್ಮ."

"ಅದು ಆರ್ಡರ್‌ದು," ಎಂದಳು ಒರಾಲಿಯಾ. ದನಿ ತುಂಬ ಜೋರಾಯಿತು. "ಅದು ಇವತ್ತು ಇಲ್ಲ. ಬನ್ನು ತಗೊಳ್ಳಿ, ಬಿಸಿಯಾಗಿದೆ."

"ಯಾರ ಆರ್ಡರ್?" ಎಂದ ಅಪ್ಪ ಸ್ಟೂಲಿನಿಂದ, ತೀರ ಸಹಜವಾಗಿ.

"ಫೋನ್ ಬಂದಿತ್ತು."

"ಫೋನ್ ಬಂದಿತ್ತು," ಎಂದ ಅಪ್ಪ ಅಂಚೆಯವಳಿಗೆ, ಕ್ಷಮೆ ಕೇಳುವ ಹಾಗೆ ಎರಡೂ ಕೈ ಬಿಚ್ಚಿ. ಅಂಚೆಯವಳು ಬನ್ನು ತೆಗೆದುಕೊಂಡು ಹೋದಳು. ಹೋಗುವಾಗ ಅವಳ ಹೆಗಲು ತುಸು ಹಗುರಾದ ಹಾಗೆ ಒರಾಲಿಯಾಗೆ ಕಂಡಿತು. ನಿಜವಾಗಿ ಕಂಡಿತೋ, ಶನಿವಾರದಿಂದ ಎಲ್ಲರ ಬೆನ್ನಲ್ಲೂ ಏನಾದರೊಂದು ಓದುವ ರೋಗ ಹಿಡಿದಿದೆಯೋ. ಅವಳಿಗೆ ಬಾಯಾರಿಕೆ ತಡೆಯಲಾಗುತ್ತಿರಲಿಲ್ಲ. ಲೋಟ ಒಂದು ಮೊಳ ದೂರದಲ್ಲಿತ್ತು. ಎತ್ತಿ ಕುಡಿದರೆ ಅದೇ ಒಂದು ಉತ್ತರ. ಕುಡಿಯದಿದ್ದರೆ ಅದೂ ಒಂದು ಉತ್ತರ ಎಂದು ಅವಳಿಗೆ ಹೊಳೆಯಲಿಲ್ಲ.

ಹತ್ತು ಗಂಟೆಯ ಸುಮಾರಿಗೆ ದೋನ್ಯಾ ಪ್ರೀಮಿತಿವಾ ಬಂದಳು. ಓನೆಸಿಮೊನ ಹೆಂಡತಿ, ಒರಾಲಿಯಾಳ ಧರ್ಮತಾಯಿ, ಮದ್ರೀನಾ; ಅವನನ್ನು ಮಣ್ಣು ಮಾಡಿ ಇನ್ನೂ ನಾಲ್ಕು ದಿನ. ಕಪ್ಪು ಸ್ವೆಟರಿನ ಗುಂಡಿಗಳನ್ನು ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡಿದ್ದಳು. ಎದೆಗವಚಿಕೊಂಡ ಪೆಟ್ಟಿಗೆ ಶನಿವಾರದ್ದೇ. ಬರಿದಾದದ್ದನ್ನು ಬರಿದಾಗಿ ಹಿಂತಿರುಗಿಸಬಾರದೆಂದು ಅದರ ತುಂಬ ತಮ್ಮ ಮರದ ಒಣಗಿಸಿದ ಸೇಬಿನ ಚೂರುಗಳು.

"ಕೊಂಪಾದ್ರೆ," ಎಂದಳು. ಅಪ್ಪ ಎದ್ದು ನಿಂತು ಪೆಟ್ಟಿಗೆಯನ್ನು ಎರಡೂ ಕೈಗಳಿಂದ ತೆಗೆದುಕೊಂಡ. "ನಿಮ್ಮ ಪೆಟ್ಟಿಗೆ. ನಿನ್ನೇನೇ ತರಬೇಕಿತ್ತು, ಕಾಲು ಏಳಲಿಲ್ಲ."

"ಕೂತ್ಕೊ ಕೊಮಾದ್ರೆ. ಏನಾದ್ರೂ ತಿಂದ್ಯಾ ಇವತ್ತು?"

"ತಿಂತೀನಿ, ಮನೆಗೆ ಹೋಗಿ."

"ಮನೇಲಿ ಯಾರು ಮಾಡಿಟ್ಟಿದಾರೆ? ಕೂತ್ಕೊ." ಅವನು ಕಪಾಟಿನ ಹಿಂದೆ ಬಂದ. ಒರಾಲಿಯಾಳನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಮೇಲಿನ ಅರೆಯಿಂದ ಒಂದು ಹೂವನ್ನು ತೆಗೆದು, ಕಾಗದದ ಮೇಲಿಟ್ಟು, ಪ್ರೀಮಿತಿವಾಳ ಕೈಗೆ ಕೊಟ್ಟ. "ತಗೋ. ಇವತ್ತಿಂದು. ನನ್ನ ಮಗಳು ರುಚಿ ನೋಡಿ ಚೆನ್ನಾಗಿದೆ ಅಂದಿದಾಳೆ."

ಪ್ರೀಮಿತಿವಾ ಆ ಹೂವನ್ನು ನೋಡಿದಳು. ಅತ್ತಿದ್ದ ಕಣ್ಣುಗಳು, ಊದಿಕೊಂಡ ರೆಪ್ಪೆ. ಗಂಡನ ಶವದ ಪಕ್ಕದಲ್ಲಿ ಕೂತು ಅವಳು ಆವತ್ತು ಒಂದನ್ನು ಪೂರ್ತಿ, ಚೂರೂ ಬಿಡದೆ, ತಿಂದಿದ್ದಳು. ಇಡೀ ಸಭಾಂಗಣದಲ್ಲಿ ಅವಳೊಬ್ಬಳೇ. ಆ ಬಾಯಿಗೆ ಇದು. ಅವಳ ಕೈ ಮೇಲೇರಿತು.

"ತಿನ್ನಬೇಡಿ ಮದ್ರೀನಾ!" ಎಂದಿತು ಒರಾಲಿಯಾಳ ಬಾಯಿ. "ಅದರಲ್ಲಿ ಉಪ್ಪಿದೆ. ಸಕ್ಕರೆ ಅಲ್ಲ, ಉಪ್ಪು. ಎಲ್ಲ ಉಪ್ಪೇ."

ಅತ್ತೆ ಕೈಯಲ್ಲಿದ್ದ ಚಮಚವನ್ನು ಕೆಳಗಿಟ್ಟಳು.

"ಹೂಂ," ಎಂದ ಅಪ್ಪ. ಅವನು ಒರಾಲಿಯಾಳ ಕಡೆ ತಿರುಗಲಿಲ್ಲ. "ಹಾಕಿದವನು ನಾನೇ. ಡಬ್ಬಿ ಮೇಲೆ ಹೆಸರು ಓದಿ, ದೀಪ ಹಿಡಿದು, ಬೇಕೂಂತಲೇ ಹಾಕ್ದೆ." ಸ್ವಲ್ಪ ತಡೆದ. "ಕೊಮಾದ್ರೆಗಾದ್ರೆ ಹೇಳೋಕೆ ಬಾಯಿ ಬಂತು ನಿನಗೆ."

ಅವಳು ಏನೋ ಹೇಳಲು ಹೋದಳು. ಉಪ್ಪಿನಿಂದ ಒಣಗಿದ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು.

"ಎಷ್ಟು ದಿನದಿಂದ?" ಎಂದು ಕೇಳಿದ.

"ಫೆಬ್ರವರಿಯಿಂದ."

"ಕಸದ ಡಬ್ಬೀಲಿ ನೋಡ್ದಾಗ, ಬೀದಿಯವರು ಹಾಗೇನೇ ಅಂದ್ಕೊಂಡೆ. ಹೊರಗಿನವರು. ನನಗೆ ಬೇಜಾರಾಗದಿರಲಿ ಅಂತ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳು ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ನಿನ್ನ ನಾಲಿಗೆ ಒಂದಿದ್ರೆ ಇನ್ನೂ ಹತ್ತು ವರ್ಷ ಮಾಡ್ತಿದ್ದೆ ನಾನು. ಹೆಚ್ಚಾಯ್ತು ಅನ್ನು, ಕಡಿಮೆಯಾಯ್ತು ಅನ್ನು, ನಾಯಿಗೆ ಹಾಕು ಅನ್ನು. ಅಷ್ಟೇ ಸಾಕಿತ್ತು. ನಿಮ್ಮಮ್ಮ ಅಂದ ಹಾಗೆ."

ಅಷ್ಟರಲ್ಲಿ ಯಾರೂ ನೋಡದೆ ಪ್ರೀಮಿತಿವಾ ಆ ಬಿಸ್ಕೊಚೀತೊವನ್ನು ಬಾಯಿಗೆ ಹಾಕಿಕೊಂಡಿದ್ದಳು. ಇಡಿಯಾಗಿ. ಅವಳಿಗೆ ಮಾತು ಕೇಳಿಸಿತ್ತು, ಅರ್ಥವೂ ಆಗಿತ್ತು. ಆದರೆ ಇಷ್ಟು ಕಾಲ ಈ ಅಂಗಡಿಯಲ್ಲಿ ಕೈಗೆ ಬಂದದ್ದನ್ನು ಅವಳು ಕೆಳಗಿಟ್ಟವಳಲ್ಲ. ಅವಳ ದವಡೆ ನಿಧಾನವಾಗಿ ಆಡುತ್ತಿತ್ತು. ಕಣ್ಣಿನಿಂದ ನೀರು ಹರಿದು ಸುಕ್ಕುಗಳಲ್ಲಿ ದಾರಿ ಮಾಡಿಕೊಂಡು ಇಳಿಯಿತು.

"ಪರವಾಗಿಲ್ಲ ಕೊಂಪಾದ್ರೆ," ಎಂದಳು, ಬಾಯಿ ತುಂಬಿದ್ದಂತೆಯೇ. "ಚೆನ್ನಾಗೇ ಇದೆ."

"ಉಗುಳು," ಎಂದ ಅಪ್ಪ.

ಅವಳು ತಲೆ ಅಲ್ಲಾಡಿಸಿದಳು.

"ಉಗುಳು ಕೊಮಾದ್ರೆ, ಕೈ ಮುಗೀತೀನಿ." ಅವನು ಎರಡು ಹೆಜ್ಜೆ ಮುಂದೆ ಬಂದು, ಮೈದಾ ಮೆತ್ತಿದ ಅಂಗೈಯನ್ನು ಬೊಗಸೆ ಮಾಡಿ ಅವಳ ಗದ್ದದ ಕೆಳಗೆ ಹಿಡಿದ, ಎಳೆಮಗು ಬಾಯಿಗೆ ಕಲ್ಲು ಹಾಕಿಕೊಂಡಾಗ ಹಿಡಿಯುವ ಹಾಗೆ. "ಇಲ್ಲಿ, ನನ್ನ ಕೈಗೆ. ಉಗುಳು."

ಪ್ರೀಮಿತಿವಾ ಅವನನ್ನೇ ನೋಡುತ್ತ, ಪ್ರೀತಿಯಿಂದ, ಕಷ್ಟಪಟ್ಟು ನುಂಗಿದಳು. ಗಂಟಲ ಗಂಟು ಏರಿ ಇಳಿಯಿತು. ಅಪ್ಪನ ಕೈ ಅಲ್ಲೇ ಇತ್ತು.